ರೋಮಾಪುರಿಯ ಸಭಾಭೂಮಿ

ರೋಮಾಪುರಿಯನ್ನು ನೋಡಿ ಬಂದವರನ್ನು ಅಲ್ಲಿ ಏನು ಕಂಡಿರೆಂದು ಕೇಳಿದರೆ, ಬಹುಮಂದಿ ಕಲೋಸಿಯಂ ಎಂಬ ಮಹಾಕ್ರೀಡಾಂಗಣವನ್ನೂ, ಪ್ಯಾಂಥಿಯನ್ ಎಂಬ ಗುಮ್ಮಟದ ದೇವಾಲಯವನ್ನೂ, ವಿಜಯತೋರಣಗಳನ್ನೂ ವರ್ಣಿಸುತ್ತಾರೆ. ಇವೆಲ್ಲವೂ ನೋಡತಕ್ಕವೇ ಸರಿ. ಆದರೆ ಇವು ಚಕ್ರವರ್ತಿಗಳು ಕಟ್ಟಿಸಿದ ರೋಮ್. ಅದಕ್ಕೆ ಮುಂಚೆ ಸುಮಾರು ಐದು ಶತಮಾನಗಳ ಕಾಲ ಅರಸನೂ ಇಲ್ಲದ, ಚಕ್ರವರ್ತಿಯೂ ಇಲ್ಲದ ಮತ್ತೊಂದು ರೋಮ್ ಇದ್ದಿತು. ಆ ಜನರು ತಮ್ಮ ರಾಜ್ಯವನ್ನು ‘ರೇಸ್ ಪೂಬ್ಲಿಕಾ’ ಎಂದು ಕರೆದರು. ಸರ್ವಜನರ ಸೊತ್ತು ಎಂದು ಅದರ ಅರ್ಥ. ‘ರಿಪಬ್ಲಿಕ್’ ಎಂದು ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ ಮಾತು ಹುಟ್ಟಿದುದು ಅದರಿಂದಲೇ. ನಮ್ಮ ದೇಶವೂ ೧೯೫೦ನೆಯ ಇಸವಿಯಿಂದ ಗಣರಾಜ್ಯವೆನಿಸಿರುವುದರಿಂದ, ಆ ಹಳೆಯ ಗಣರಾಜ್ಯವು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಹೇಗೆ ಅಳಿಯಿತು ಎಂಬುದನ್ನು ಅದೇ ನೆಲದ ಮೇಲೆ ನಿಂತು ಚಿಂತಿಸಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿದ್ದಿತು. ಈಚೆಗೆ ಅದು ಕೈಗೂಡಿತು. ಫೋರಂ ಎಂಬ ಆ ಸಭಾಭೂಮಿಯಲ್ಲಿ ಎರಡು ದಿನ ನಿಧಾನವಾಗಿ ಸಂಚರಿಸಿ ನೋಡಿದುದನ್ನು ವಾಚಕರ ಮುಂದೆ ನಿವೇದಿಸುತ್ತೇನೆ.

ಫೋರಂ ಎಂಬುದು ಒಂದು ಕಟ್ಟಡವಲ್ಲ. ಕ್ಯಾಪಿಟೋಲೈನ್, ಪ್ಯಾಲಟೈನ್ ಎಂಬ ಎರಡು ಗುಡ್ಡಗಳ ಬುಡದಲ್ಲಿರುವ ತಗ್ಗುನೆಲ. ಆದಿಯಲ್ಲಿ ಇದು ಬರಿಯ ಜೌಗು. ಗುಡ್ಡಗಳ ಮೇಲೆ ಗುಡಿಸಲು ಕಟ್ಟಿಕೊಂಡಿದ್ದ ಜನರು ಇದರ ಅಂಚಿನಲ್ಲಿ ತಮ್ಮ ಸತ್ತವರನ್ನು ಹೂಳುತ್ತಿದ್ದರು. ಬಳಿಕ ಕಾಲುವೆಯನ್ನು ತೋಡಿ, ನಿಂತ ನೀರನ್ನು ಟೈಬರ್ ನದಿಗೆ ಹರಿಯಿಸಿ, ಮಣ್ಣು ಹೊಯ್ದು ನೆಲವನ್ನು ಎತ್ತರಿಸಿದರು. ಈ ಕಾಲುವೆಗೆ ‘ಕ್ಲೋಆಕಾ ಮ್ಯಾಕ್ಸಿಮಾ’, ಎಂದರೆ ಮಹಾಮೋರಿ ಎಂದು ಹೆಸರು. ಅದು ನದಿಯನ್ನು ಸೇರುವ ಕಮಾನನ್ನು ಇಂದಿಗೂ ಟೈಬರಿನ ದಂಡೆಯಲ್ಲಿ ಕಾಣಬಹುದು. ಗುಡ್ಡಕ್ಕೊಂದರಂತೆ ಬೇರೆಬೇರೆಯಾಗಿದ್ದ ಊರುಗಳು ಒಂದಾದುದು ಈ ತಗ್ಗಿನಲ್ಲಿ. ಒಂದಾಗಿ ಮಾಡಿಕೊಂಡ ಮೊದಲ ದೊಡ್ಡ ಕೆಲಸ ಒಂದು ಚರಂಡಿ! ಸರ್ವಜನರ ಸೊತ್ತು ಎಂಬ ಭಾವನೆಗೆ ಇದಕ್ಕಿಂತ ಒಳ್ಳೆಯ ಅಸ್ತಿಭಾರ ಬೇರೊಂದಿಲ್ಲವೆಂದು ನನಗೆ ತೋರಿತು.

ಸಾಮ್ರಾಜ್ಯವು ಅಳಿದ ಮೇಲೆ ಈ ನೆಲ ಮತ್ತೆ ಮಣ್ಣಿನಲ್ಲಿ ಹುಗಿದುಹೋಯಿತು. ದನಗಳು ಮೇಯುವ ಬಯಲಾಗಿ, ಇಟಲಿಯವರ ನುಡಿಯಲ್ಲಿ ‘ಕಾಂಪೋ ವಾಚ್ಚೀನೋ’, ಹಸುಗಳ ಬಯಲು, ಎಂಬ ಹೆಸರನ್ನು ಪಡೆಯಿತು. ಹತ್ತೊಂಬತ್ತನೆಯ ಶತಮಾನದಿಂದ ವಿದ್ವಾಂಸರು ಶ್ರದ್ಧೆಯಿಂದ ಅಗೆಯುತ್ತ ಬಂದುದರಿಂದ ಈಗ ನಾವು ಹಳೆಯ ಕಲ್ಲುಹಾಸಿನ ಮೇಲೆಯೇ ನಡೆಯಬಹುದಾಗಿದೆ. ಕಲೋಸಿಯಂನ ಕಡೆಯಿಂದ ‘ಪವಿತ್ರಮಾರ್ಗ’ವೆಂಬ ಬೀದಿಯನ್ನು ಹಿಡಿದು ಇಳಿದರೆ ಇಕ್ಕೆಲಗಳಲ್ಲಿಯೂ ಮುರಿದ ಕಂಬ, ಬರಿಯ ಜಗಲಿ, ಅಕ್ಷರ ಕೆತ್ತಿದ ಅಮೃತಶಿಲೆಯ ತುಂಡುಗಳು ಕಾಣುತ್ತವೆ.

ಮೊದಲು ನನ್ನ ಮನಸ್ಸನ್ನು ಸೆಳೆದುದು ವೆಸ್ತಾದೇವಿಯ ಗುಡಿ. ಈಗ ಉಳಿದಿರುವುದು ದುಂಡಗಿನ ಪೀಠ ಮತ್ತು ಎತ್ತಿ ನಿಲ್ಲಿಸಿದ ಕೆಲವು ಕಂಬಗಳು ಮಾತ್ರ. ಈ ಗುಡಿಯೊಳಗೆ ಆರುವುದಕ್ಕೆ ಬಿಡದೆ ಕಾಯುತ್ತಿದ್ದ ಅಗ್ನಿ ಇದ್ದಿತು; ಅದು ಇಡೀ ನಗರದ ಒಲೆಯೆಂದು ಜನರ ನಂಬಿಕೆ. ನಮ್ಮ ಶ್ರೌತಕರ್ಮಗಳಲ್ಲಿ ಗಾರ್ಹಪತ್ಯಾಗ್ನಿಯ ಕುಂಡವು ದುಂಡಗಿರುವುದನ್ನು ಬಲ್ಲವರಿಗೆ ಈ ದುಂಡುಗುಡಿಯನ್ನು ನೋಡಿದೊಡನೆ ಅದರ ನೆನಪಾಗದೆ ಇರದು. ಬೆಂಕಿ ಆರಿದರೆ ಅದನ್ನು ಮತ್ತೆ ಪಡೆಯಲು ಶುಭವೃಕ್ಷದ ಕಟ್ಟಿಗೆಯನ್ನು ಮಥಿಸುತ್ತಿದ್ದರು. ಇದು ನಮ್ಮ ಅರಣಿಯೇ ಅಲ್ಲವೆ! ಲ್ಯಾಟಿನ್ ಭಾಷೆಯೂ ಸಂಸ್ಕೃತಕ್ಕೆ ಸೋದರಿ. ಅವರ ‘ಇಗ್ನಿಸ್’ ನಮ್ಮ ಅಗ್ನಿ. ಅವರ ‘ಪಾತೆರ್’, ‘ಮಾತೆರ್’ ನಮ್ಮ ಪಿತೃ, ಮಾತೃ. ಅವರ ‘ರೆಕ್ಸ್’ ನಮ್ಮ ರಾಜನ್. ಅಗ್ನಿಯನ್ನು ಕಾಯುವುದಕ್ಕೆ ಆರು ಮಂದಿ ಕನ್ಯೆಯರು ನಿಯಮಿತರಾಗಿದ್ದರು. ಆರರಿಂದ ಹತ್ತು ವರ್ಷದೊಳಗಿನ ಹುಡುಗಿಯರನ್ನು ಆರಿಸಿ ತರುತ್ತಿದ್ದರು. ಮೂವತ್ತು ವರ್ಷಗಳ ಸೇವೆ: ಹತ್ತು ವರ್ಷ ಕಲಿಯುವುದು, ಹತ್ತು ವರ್ಷ ನಡೆಸುವುದು, ಹತ್ತು ವರ್ಷ ಕಲಿಸುವುದು. ಉಪಾಧ್ಯಾಯವೃತ್ತಿಯಲ್ಲಿ ಜೀವಮಾನವನ್ನು ಕಳೆದ ನನಗೆ ಈ ಕ್ರಮವು ಬಹಳ ಮೆಚ್ಚಿಕೆಯಾಯಿತು.

ಇನ್ನು ರಾಜ್ಯದ ಮಾತಿಗೆ ಬರೋಣ. ರೋಮಕರ ಐತಿಹ್ಯದಂತೆ ನಗರದ ಸ್ಥಾಪನೆ ಕ್ರಿ. ಪೂ. ೭೫೩ರಲ್ಲಿ. ಏಳು ಮಂದಿ ಅರಸರು ಆಳಿದರು. ಕೊನೆಯವನಾದ ಟಾರ್ಕ್ವಿನಿಯಸ್ ಗರ್ವಿಷ್ಠನೂ ಕ್ರೂರನೂ ಆಗಿದ್ದುದರಿಂದ ಕ್ರಿ. ಪೂ. ೫೦೯ರಲ್ಲಿ ಅವನನ್ನು ಓಡಿಸಿದರು. ಅಲ್ಲಿಂದ ಮುಂದೆ ‘ಅರಸ’ ಎಂಬ ಮಾತೇ ಅವರಿಗೆ ಬೈಗುಳವಾಯಿತು. ಅರಸನ ಅಧಿಕಾರವನ್ನು ಇಬ್ಬರು ಕಾನ್ಸಲರಿಗೆ ಹಂಚಿದರು. ಅವರ ಅವಧಿ ಒಂದೇ ವರ್ಷ. ಒಬ್ಬನು ಮಾಡಿದ್ದನ್ನು ಇನ್ನೊಬ್ಬನು ತಡೆಯಬಹುದು. ವೃದ್ಧಾನುಭವಿಗಳ ಸಭೆಯಾದ ಸೆನೆಟ್ಟು ಅವರಿಗೆ ಆಲೋಚನೆ ಹೇಳುವುದು. ಜನಸಭೆಯು ಅವರನ್ನು ಚುನಾಯಿಸುವುದು. ಮಹಾವಿಪತ್ತು ಬಂದರೆ ಮಾತ್ರ ಒಬ್ಬನಿಗೆ ಸರ್ವಾಧಿಕಾರವನ್ನು ಕೊಡುತ್ತಿದ್ದರು. ಅದೂ ಆರು ತಿಂಗಳಿಗೆ ಮೀರದಂತೆ. ಸಿನ್ಸಿನಾಟಸ್ ಎಂಬುವನು ಹೊಲದಲ್ಲಿ ದುಡಿಯುತ್ತಿದ್ದಾಗ ಈ ಪದವಿಗೆ ಕರೆ ಬಂದಿತೆಂದೂ, ಶತ್ರುವನ್ನು ಗೆದ್ದು ಹದಿನಾರನೆಯ ದಿನವೇ ಪದವಿಯನ್ನು ಬಿಟ್ಟು ನೇಗಿಲಿಗೆ ಹಿಂದಿರುಗಿದನೆಂದೂ ಹೇಳುವ ಕಥೆಯನ್ನು ರೋಮಕರು ತಮ್ಮ ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದರು.

ಪವಿತ್ರಮಾರ್ಗವು ಕ್ಯಾಪಿಟೋಲೈನ್ ಗುಡ್ಡವನ್ನು ಸಮೀಪಿಸುವಲ್ಲಿ, ಬಲಗಡೆಗೆ, ಇಟ್ಟಿಗೆಯ ಎತ್ತರವಾದ ಸೆನೆಟ್ ಮಂದಿರವಿದೆ. ಅದರ ಮುಂದಣ ನೆಲವೇ ಹಳೆಯ ಜನಸಭೆ ಸೇರುತ್ತಿದ್ದ ಸ್ಥಳ. ಇಲ್ಲಿ ೧೮೯೯ರಲ್ಲಿ ಜಾಕೊಮೊ ಬೋನಿ ಎಂಬ ಪುರಾತತ್ತ್ವಜ್ಞನು ಕರಿಯ ಕಲ್ಲಿನ ಹಾಸೊಂದನ್ನು ಕಂಡುಹಿಡಿದನು. ಅದರ ಕೆಳಗಿದ್ದ ಒಂದು ಶಿಲೆಯಲ್ಲಿ ಬಹು ಪ್ರಾಚೀನವಾದ ಲ್ಯಾಟಿನ್ ಬರಹವಿದೆ. ಎತ್ತು ಹೊಲವನ್ನು ಉಳುವಂತೆ ಒಂದು ಸಾಲು ಒಂದು ದಿಕ್ಕಿಗೆ, ಮತ್ತೊಂದು ಸಾಲು ಎದುರು ದಿಕ್ಕಿಗೆ ಹರಿಯುತ್ತದೆ. ಸವೆದುಳಿದ ಪದಗಳಲ್ಲಿ ‘ಅರಸನಿಗೆ’ ಎಂಬರ್ಥದ ಪದವೊಂದು ಸ್ಪಷ್ಟವಾಗಿದೆ. ಅರಸನನ್ನು ಓಡಿಸಿದ ಜನರ ಸಭಾಸ್ಥಾನದ ಅಡಿಯಲ್ಲಿಯೇ ಅರಸನ ಹೆಸರು ಹುದುಗಿದ್ದಿತು!

ಅರಸನು ಹೋದ ಮಾತ್ರಕ್ಕೆ ಸಾಮಾನ್ಯ ಜನರಿಗೆ ಸುಖ ಬರಲಿಲ್ಲ. ಪೆಟ್ರಿಷಿಯನ್ ಎಂಬ ಕುಲೀನರ ಕೈಯಲ್ಲಿಯೇ ಅಧಿಕಾರ, ಪೌರೋಹಿತ್ಯ, ನ್ಯಾಯ ಎಲ್ಲವೂ ಉಳಿದವು. ಪ್ಲೆಬಿಯನ್ ಎಂಬ ಜನಸಾಮಾನ್ಯರು ಯುದ್ಧಕ್ಕೆ ಹೋಗಿ ಬರುವಷ್ಟರಲ್ಲಿ ಹೊಲ ಹಾಳುಬಿದ್ದು ಸಾಲ ಬೆಳೆದಿರುತ್ತಿತ್ತು. ಸಾಲ ತೀರದಿದ್ದರೆ ಸಾಲಗಾರನೇ ಆಳಾಗಬೇಕಾಗಿತ್ತು. ಕ್ರಿ. ಪೂ. ೪೯೪ರಲ್ಲಿ ಅವರು ಒಂದು ವಿಚಿತ್ರವಾದ ಉಪಾಯವನ್ನು ಹೂಡಿದರು. ಯಾರನ್ನೂ ಹೊಡೆಯಲಿಲ್ಲ, ಯಾವುದನ್ನೂ ಸುಡಲಿಲ್ಲ. ಊರನ್ನೇ ಬಿಟ್ಟು ಹೊರಗಣ ಒಂದು ಗುಡ್ಡದ ಮೇಲೆ ಹೋಗಿ ಕುಳಿತರು. ಅವರನ್ನು ಒಲಿಸಲು ಹೋದ ಮೆನೆನಿಯಸ್ ಅಗ್ರಿಪ್ಪನು, ಹೊಟ್ಟೆಯ ಮೇಲೆ ಕೋಪಗೊಂಡು ಕೆಲಸ ಬಿಟ್ಟ ಅವಯವಗಳು ತಾವೇ ಸೊರಗಿದ ಕಥೆಯನ್ನು ಹೇಳಿದನಂತೆ. ಪ್ರಾಣಕ್ಕೂ ಇಂದ್ರಿಯಗಳಿಗೂ ‘ಯಾರು ಹೆಚ್ಚು’ ಎಂದು ವಾದ ಹುಟ್ಟಿದ ಪ್ರಸಂಗವು ನಮ್ಮ ಛಾಂದೋಗ್ಯ, ಬೃಹದಾರಣ್ಯಕಗಳಲ್ಲಿ ಬರುವುದನ್ನು ವಾಚಕರು ಬಲ್ಲರು. ಆದರೆ ನಮ್ಮಲ್ಲಿ ಅದು ತತ್ತ್ವಬೋಧೆಯಾಯಿತು. ಅಲ್ಲಿ ಅದು ರಾಜಿಯ ಮಾತಾಯಿತು. ರೋಮಿನ ಜನರು ಕಥೆಯನ್ನು ಕೇಳಿ ತಲೆದೂಗಿದರು; ಆದರೆ ಬರಿಗೈಯಲ್ಲಿ ಹಿಂದಿರುಗಲಿಲ್ಲ. ಟ್ರಿಬ್ಯೂನರು ಎಂಬ ತಮ್ಮದೇ ರಕ್ಷಕಾಧಿಕಾರಿಗಳನ್ನು ಪಡೆದುಕೊಂಡು ಬಂದರು. ಟ್ರಿಬ್ಯೂನನ ಮೈಯನ್ನು ಯಾರೂ ಮುಟ್ಟಕೂಡದು. ಅಧಿಕಾರಿಗಳ ಯಾವ ಆಜ್ಞೆಯನ್ನಾದರೂ ಅವನು ‘ವೀಟೋ’, ಎಂದರೆ ‘ನಿಷೇಧಿಸುತ್ತೇನೆ’, ಎಂಬ ಒಂದೇ ಮಾತಿನಿಂದ ನಿಲ್ಲಿಸಬಹುದು. ಅವನ ಮನೆಯ ಬಾಗಿಲು ಹಗಲೂ ಇರುಳೂ ತೆರೆದಿರಬೇಕು. ದುಃಖಿತನಾದವನು ಯಾವ ಹೊತ್ತಿನಲ್ಲಿ ಬಂದರೂ ಒಳಗೆ ಹೋಗಬಹುದು.

ಅವರ ಎರಡನೆಯ ಬೇಡಿಕೆ ಶಾಸನವನ್ನು ಬರೆದು ತೋರಿಸಬೇಕೆಂಬುದು. ಬಾಯಲ್ಲಿದ್ದ ನ್ಯಾಯವನ್ನು ಕುಲೀನರು ಬೇಕಾದಂತೆ ತಿರುಗಿಸುತ್ತಿದ್ದರು. ಕ್ರಿ. ಪೂ. ೪೫೧ರಿಂದ ೪೫೦ರೊಳಗೆ ಹನ್ನೆರಡು ಹಲಗೆಗಳ ಶಾಸನ ಸಿದ್ಧವಾಗಿ, ಎಲ್ಲರೂ ಓದುವಂತೆ ಈ ಫೋರಂನಲ್ಲಿಯೇ ನಿಂತಿತು. ಅದರಲ್ಲಿ ಕಠಿನವಾದ ವಿಧಿಗಳೂ ಇದ್ದವು. ಕುಲೀನರಿಗೂ ಸಾಮಾನ್ಯರಿಗೂ ವಿವಾಹ ಕೂಡದೆಂಬ ನಿಯಮವನ್ನು ಕ್ರಿ. ಪೂ. ೪೪೫ರಲ್ಲಿ ತೆಗೆದುಹಾಕಬೇಕಾಯಿತು. ಆದರೂ ಬರೆದದ್ದು ಬರೆದದ್ದೇ. ಅದನ್ನು ಬದಲಾಯಿಸಬೇಕಾದರೆ ಬಹಿರಂಗವಾಗಿ ಬದಲಾಯಿಸಬೇಕು. ಸಿಸೆರೋ ಎಂಬ ಮಹಾವಾಗ್ಮಿಯು ತನ್ನ ಬಾಲ್ಯದಲ್ಲಿ ಹುಡುಗರೆಲ್ಲರೂ ಈ ಹಲಗೆಗಳನ್ನು ಕಂಠಪಾಠ ಮಾಡುತ್ತಿದ್ದರೆಂದು ಬರೆದಿದ್ದಾನೆ. ನಾವು ಬಾಲ್ಯದಲ್ಲಿ ಅಮರವನ್ನು ಬಾಯಿಪಾಠ ಮಾಡಿದಂತೆ ಅವರು ತಮ್ಮ ಕಾನೂನನ್ನು ಮಾಡಿದರು. ಕ್ರಿ. ಪೂ. ೩೬೭ರಲ್ಲಿ ಕಾನ್ಸಲ್ ಪದವಿಯು ಸಾಮಾನ್ಯರಿಗೂ ತೆರೆಯಿತು. ೨೮೭ರಲ್ಲಿ ಅವರ ಸಭೆಯ ನಿರ್ಣಯವು ಎಲ್ಲರಿಗೂ ಕಟ್ಟಾಯಿತು. ಈ ಎರಡು ಶತಮಾನಗಳ ಹೋರಾಟವು ಹೆಚ್ಚಾಗಿ ರಕ್ತವಿಲ್ಲದೆ ನಡೆದುದೇ ರೋಮಿನ ನಿಜವಾದ ಹಿರಿಮೆ.

ಸೆನೆಟ್ ಮಂದಿರದ ಹತ್ತಿರವೇ ‘ರೋಸ್ಟ್ರಾ’ ಎಂಬ ಭಾಷಣಪೀಠದ ಕಲ್ಲುಗೋಡೆ ಉಳಿದಿದೆ. ಕ್ರಿ. ಪೂ. ೩೩೮ರಲ್ಲಿ ಸೋತ ಶತ್ರುಗಳ ಹಡಗುಗಳ ಲೋಹದ ಮೂತಿಗಳನ್ನು ತಂದು ಪೀಠಕ್ಕೆ ಬಡಿದುದರಿಂದ ಆ ಹೆಸರು ಬಂದಿತು. ಈಗ ಕಾಣುವ ಪೀಠವು ಸೀಜರನ ಕಾಲದಿಂದ ಈಚಿನದು. ಹೆಂಗಸರಿಗೆ ಇಲ್ಲಿ ಮತವಿರಲಿಲ್ಲ. ಆದರೂ ಒಂದು ಸಲ ಅವರು ಈ ಅಂಗಣವನ್ನು ಗೆದ್ದರು. ಕಾರ್ಥೇಜಿನ ಹನ್ನಿಬಾಲನೊಡನೆ ಘೋರಯುದ್ಧವು ನಡೆಯುತ್ತಿದ್ದಾಗ, ಕ್ರಿ. ಪೂ. ೨೧೫ರಲ್ಲಿ, ಯಾವ ಹೆಂಗಸೂ ಅರ್ಧ ಔನ್ಸಿಗಿಂತ ಹೆಚ್ಚು ಚಿನ್ನವನ್ನು ಇಟ್ಟುಕೊಳ್ಳಕೂಡದೆಂದು ಒಂದು ಕಾನೂನಾಯಿತು. ನಮ್ಮ ಲೆಕ್ಕದಲ್ಲಿ ಅದು ಒಂದು ತೊಲಕ್ಕೆ ತುಸು ಮೇಲೆ. ಬಣ್ಣದ ಉಡುಪಿಗೂ, ನಗರದಲ್ಲಿ ಬಂಡಿಯ ಸವಾರಿಗೂ ತಡೆಯಾಯಿತು. ಯುದ್ಧವು ಮುಗಿದು ಗಂಡಸರು ಕೆನ್ನೇರಳೆಯ ಅಂಚಿನ ಉಡುಪನ್ನು ಧರಿಸತೊಡಗಿದರೂ ಕಾನೂನು ಹೋಗಲಿಲ್ಲ. ಕ್ರಿ. ಪೂ. ೧೯೫ರಲ್ಲಿ ಹೆಂಗಸರು ಮನೆಗಳಿಂದ ಹೊರಟು ಫೋರಂಗೆ ಬರುವ ಬೀದಿಗಳನ್ನೆಲ್ಲ ತುಂಬಿ, ಬರುವ ಹೋಗುವ ಅಧಿಕಾರಿಗಳನ್ನು ತಡೆದು ಕೇಳಿದರು. ಕೇಟೋ ಎಂಬ ಕಾನ್ಸಲನು ಸಿಡಿಮಿಡಿಗೊಂಡು ದೀರ್ಘಭಾಷಣವನ್ನು ಮಾಡಿದನು. ಫಲವೇನೂ ಆಗಲಿಲ್ಲ. ಅಡ್ಡಿಯಾಗಿದ್ದ ಟ್ರಿಬ್ಯೂನರ ಬಾಗಿಲಿಗೆ ಹೆಂಗಸರು ಮುತ್ತಿಗೆ ಹಾಕಲು, ಅವರು ಅಡ್ಡಿಯನ್ನು ತೆಗೆದರು, ಕಾನೂನು ರದ್ದಾಯಿತು.

ಗುಡ್ಡದ ಬುಡದಲ್ಲಿ ಎಂಟು ಕಂಬಗಳು ನಿಂತಿರುವುದು ಸ್ಯಾಟರ್ನ್ ದೇವನ ಗುಡಿ. ಕಂಬಗಳು ಮುಂದಿನ ಜೀರ್ಣೋದ್ಧಾರದವು. ಗಣರಾಜ್ಯದ ಬೊಕ್ಕಸವು ಇರುತ್ತಿದ್ದುದು ಈ ಗುಡಿಯಲ್ಲಿ. ಇಲ್ಲಿಂದಲೇ ಕೇಡಿನ ಕಥೆ ಆರಂಭವಾಗುತ್ತದೆ. ಕ್ರಿ. ಪೂ. ೧೪೬ರಲ್ಲಿ, ಒಂದೇ ವರ್ಷದಲ್ಲಿ, ರೋಮಕರು ಆಫ್ರಿಕದ ಕಾರ್ಥೇಜನ್ನೂ ಗ್ರೀಸಿನ ಕೊರಿಂಥವನ್ನೂ ನೆಲಸಮ ಮಾಡಿದರು. ಹೊರಗೆ ಹೆದರತಕ್ಕ ಶತ್ರು ಉಳಿಯಲಿಲ್ಲ. ಬೊಕ್ಕಸಕ್ಕೆ ಹೊನ್ನು ಹರಿದುಬಂದಿತು. ಸಂತೆಗೆ ಸೆರೆಯಾಳುಗಳು ಬಂದರು. ಸಿರಿವಂತರು ಸಾರ್ವಜನಿಕ ಭೂಮಿಯನ್ನು ಒತ್ತಿಕೊಂಡು ಗುಲಾಮರಿಂದ ಬೇಸಾಯ ಮಾಡಿಸತೊಡಗಿದರು. ಆ ಲೋಕಗಳನ್ನು ಗೆದ್ದುಕೊಟ್ಟ ಒಕ್ಕಲಮಗನಾದರೋ ವರ್ಷಗಟ್ಟಲೆ ದಂಡಿನಲ್ಲಿದ್ದು ಹಿಂದಿರುಗಿ ನೋಡಿದರೆ ಅವನ ಹೊಲ ಅವನದಾಗಿರಲಿಲ್ಲ. ಹೆಂಡತಿ ಮಕ್ಕಳೊಡನೆ ನಗರಕ್ಕೆ ಬಂದು, ಯಾರು ಅನ್ನ ಹಾಕಿದರೆ ಅವರ ಕಡೆ ಕೂಗುವವನಾದನು. ಗುಲಾಮರ ಪಾಡನ್ನು ಕೇಳುವವರೇ ಇಲ್ಲ. ಕ್ರಿ. ಪೂ. ೭೧ರಲ್ಲಿ ಸ್ಪಾರ್ಟಕಸನ ದಂಗೆ ಅಡಗಿದಾಗ ಆರು ಸಾವಿರ ಗುಲಾಮರನ್ನು ಆಪಿಯನ್ ರಸ್ತೆಯ ಉದ್ದಕ್ಕೂ ಶಿಲುಬೆಗೆ ಏರಿಸಿದರು. ಸರ್ವಜನರ ಸೊತ್ತೆಂದು ಕರೆದುಕೊಂಡ ರಾಜ್ಯದಲ್ಲಿ ‘ಸರ್ವ’ ಎಂಬುದು ಎಷ್ಟು ಕಿರಿದಾಗಿದ್ದಿತು!

ಕ್ಯಾಪಿಟೋಲೈನ್ ಗುಡ್ಡದ ಮೇಲಣ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲುಪೀಠವಿದೆ. ಅದರ ಮೇಲಿದ್ದ ವಿಗ್ರಹವು ಹೋಗಿದೆ. ಹೆಸರು ಮಾತ್ರ ಉಳಿದಿದೆ: ಆಫ್ರಿಕಾನಸನ ಮಗಳು, ಗ್ರಾಕಸರ ತಾಯಿ, ಕೊರ್ನೇಲಿಯಾ. ಹನ್ನಿಬಾಲನನ್ನು ಗೆದ್ದ ಸಿಪಿಯೋವಿನ ಮಗಳು ಈಕೆ. ಹನ್ನೆರಡು ಮಕ್ಕಳನ್ನು ಹೆತ್ತು ಮೂವರನ್ನು ಮಾತ್ರ ಉಳಿಸಿಕೊಂಡಳು. ವಿಧವೆಯಾದ ಮೇಲೆ ಈಜಿಪ್ಟಿನ ಅರಸನು ವರಿಸುತ್ತೇನೆಂದರೂ ಒಪ್ಪದೆ, ಮಕ್ಕಳ ವಿದ್ಯಾಭ್ಯಾಸವನ್ನು ತಾನೇ ನಡೆಸಿದಳು. ಮನೆಗೆ ಬಂದ ಹೆಂಗಸೊಬ್ಬಳು ತನ್ನ ಒಡವೆಗಳನ್ನು ತೋರಿಸಿಕೊಂಡಾಗ ಈಕೆ ಮಕ್ಕಳು ಪಾಠದಿಂದ ಬರುವವರೆಗೂ ಕಾದು, ತನ್ನ ಒಡವೆಗಳು ಇವರೇ ಎಂದಳಂತೆ. ಆ ಒಡವೆಗಳ ಗತಿ ಏನಾಯಿತು? ಹಿರಿಯ ಮಗ ಟೈಬೀರಿಯಸ್ ಗ್ರಾಕಸನು ಕ್ರಿ. ಪೂ. ೧೩೩ರಲ್ಲಿ ಟ್ರಿಬ್ಯೂನನಾಗಿ, ಒಬ್ಬನು ಐದುನೂರು ಯೂಗೆರಕ್ಕಿಂತ, ಎಂದರೆ ಸುಮಾರು ೩೧೦ ಎಕರೆಗಿಂತ, ಹೆಚ್ಚು ಸಾರ್ವಜನಿಕ ಭೂಮಿಯನ್ನು ಇಟ್ಟುಕೊಳ್ಳಕೂಡದೆಂಬ ನಿಯಮವನ್ನು ಮತ್ತೆ ಜಾರಿಗೆ ತಂದು, ಉಳಿದುದನ್ನು ಬಡವರಿಗೆ ಹಂಚಹೊರಟನು. ಅಡ್ಡಬಂದ ಜೊತೆಯ ಟ್ರಿಬ್ಯೂನನನ್ನು ಜನರ ಮತದಿಂದ ಪದಚ್ಯುತಗೊಳಿಸಿದನು. ಇದು ಹಿಂದೆ ನಡೆಯದ ಕಾರ್ಯ. ಉದ್ದೇಶವು ಒಳ್ಳೆಯದಾಗಿದ್ದರೂ ಕಟ್ಟಳೆಯ ಕಂಬವೊಂದು ಅಲುಗಿತು. ಎದುರಾಳಿಗಳು ಇಡೀ ಛಾವಣಿಯನ್ನೇ ಕೆಡವಿದರು. ಸೆನೆಟಿನವರೇ ಬೆಂಚುಗಳ ಕಾಲುಗಳನ್ನು ಮುರಿದುಕೊಂಡು ನುಗ್ಗಿ, ಯಾರೂ ಮುಟ್ಟಕೂಡದ ಟ್ರಿಬ್ಯೂನನನ್ನು ಹೊಡೆದು ಕೊಂದರು. ಅವನೊಡನೆ ಮುನ್ನೂರು ಮಂದಿ ಸತ್ತರು. ಹೆಣಗಳನ್ನು ನದಿಗೆ ಎಸೆದರು. ಹನ್ನೆರಡು ವರ್ಷಗಳ ಬಳಿಕ, ಕ್ರಿ. ಪೂ. ೧೨೧ರಲ್ಲಿ, ತಮ್ಮನಾದ ಗಾಯಸನಿಗೂ ಅದೇ ಗತಿ. ಆ ಸಲ ಮೂರು ಸಾವಿರ ಮಂದಿ. ಇದನ್ನು ನಡೆಸಿದ ಕಾನ್ಸಲನು ಗುಡ್ಡದ ಬುಡದಲ್ಲಿ ಐಕಮತ್ಯದೇವಿಗೆ ಗುಡಿಯನ್ನು ಹೊಸದಾಗಿ ಕಟ್ಟಿಸಿದನು! ಯಾರೋ ರಾತ್ರಿಯಲ್ಲಿ ಬಂದು ಆ ಬರಹದ ಕೆಳಗೆ, ಒಡಕಿನ ಹುಚ್ಚು ಒಗ್ಗಟ್ಟಿನ ಗುಡಿಯನ್ನು ಕಟ್ಟಿತೆಂದು ಹಂಗಿಸುವ ಸಾಲನ್ನು ಗೀಚಿ ಹೋದರೆಂದು ಪ್ಲೂಟಾರ್ಕನು ಬರೆದಿದ್ದಾನೆ. ಆ ಗುಡಿಯ ಅಸ್ತಿಭಾರ ಮಾತ್ರ ಈಗ ಕಾಣುತ್ತದೆ.

ಒಮ್ಮೆ ರಕ್ತದ ರುಚಿ ಹತ್ತಿದ ಮೇಲೆ ಅದನ್ನು ಬಿಡಿಸುವುದು ಕಷ್ಟ. ಭೂಮಿಯಿಲ್ಲದ ಸೈನಿಕರು ರಾಜ್ಯವನ್ನು ಮರೆತು, ಕೂಲಿಯನ್ನೂ ಜಮೀನನ್ನೂ ಕೊಡಿಸುವ ದಂಡನಾಯಕನನ್ನು ನಂಬಿದರು. ಕ್ರಿ. ಪೂ. ೮೮ರಲ್ಲಿ ಸುಲ್ಲನು ತನ್ನ ದಂಡನ್ನು ರೋಮಿನ ಮೇಲೆಯೇ ನಡೆಸಿದನು. ಮುಂದೆ ಅವಧಿಯಿಲ್ಲದ ಸರ್ವಾಧಿಕಾರಿಯಾಗಿ, ಕೊಲ್ಲತಕ್ಕವರ ಪಟ್ಟಿಯನ್ನು ಬರೆಯಿಸಿ ಹನ್ನೆರಡು ಹಲಗೆಗಳು ನಿಂತಿದ್ದ ಈ ಫೋರಂನಲ್ಲಿಯೇ ತೂಗಹಾಕಿಸಿದನು. ಕ್ರಿ. ಪೂ. ೪೯ರಲ್ಲಿ ಜೂಲಿಯಸ್ ಸೀಜರನು ದಂಡಿನೊಡನೆ ರೂಬಿಕಾನ್ ಹೊಳೆಯನ್ನು ದಾಟಿದನು. ೪೪ರಲ್ಲಿ ಆಜೀವ ಸರ್ವಾಧಿಕಾರಿಯಾದನು. ಅದೇ ವರ್ಷದ ಮಾರ್ಚ್ ೧೫ರಂದು ಸೆನೆಟಿನವರು ಅವನನ್ನು ಇರಿದು ಕೊಂದರು. ಆ ಸ್ಥಳವು ಫೋರಂನಿಂದ ತುಸು ದೂರ. ಅಲ್ಲಿ ಈಗ ಪಾಳುಗುಡಿಗಳ ನಡುವೆ ಬೆಕ್ಕುಗಳು ಬಿಸಿಲು ಕಾಯಿಸುತ್ತವೆ. ಅವನ ಶವವನ್ನು ಸುಟ್ಟುದು ಮಾತ್ರ ಫೋರಂನಲ್ಲಿ. ಆ ಜಾಗದ ಮಣ್ಣಿನ ದಿಬ್ಬದ ಮೇಲೆ ಜನರು ಇಂದಿಗೂ ಹೂವನ್ನು ಇಟ್ಟುಹೋಗುತ್ತಾರೆ. ಮರುವರ್ಷ ಸಿಸೆರೋವನ್ನು ಕೊಲ್ಲಿಸಿ, ಅವನ ತಲೆಯನ್ನೂ ಬರೆದ ಕೈಯನ್ನೂ ರೋಸ್ಟ್ರಾದ ಮೇಲೆ ತೂಗಹಾಕಿದರು. ಸಿಸೆರೋವಿಗೆ ಅಲ್ಲಿ ಯಾರೂ ಹೂವನ್ನಿಡುವುದನ್ನು ನಾನು ಕಾಣಲಿಲ್ಲ.

ಕೊನೆಗೆ ಕ್ರಿ. ಪೂ. ೨೭ರಲ್ಲಿ ಸೀಜರನ ದತ್ತುಮಗನು ಆಗಸ್ಟಸನೆಂಬ ಬಿರುದನ್ನು ತಳೆದನು. ಅವನು ಸೀಜರನಿಗಿಂತ ಜಾಣ. ಅರಸನೆಂಬ ಹೆಸರನ್ನು ತೆಗೆದುಕೊಳ್ಳಲಿಲ್ಲ. ಗಣರಾಜ್ಯವನ್ನು ಜನರಿಗೆ ಹಿಂದಕ್ಕೆ ಕೊಟ್ಟೆನೆಂದು ಸಾರಿದನು. ಸೆನೆಟ್ಟು ಸೇರುತ್ತಿತ್ತು, ಕಾನ್ಸಲರು ಇದ್ದರು, ಟ್ರಿಬ್ಯೂನರು ಇದ್ದರು. ಇರಲಿಲ್ಲವಾದುದು ಒಂದೇ: ಅವರಾರೂ ‘ನಿಷೇಧಿಸುತ್ತೇನೆ’ ಎನ್ನುವಂತಿರಲಿಲ್ಲ.

ಈ ಬದಲಾವಣೆಯ ಸಾಕ್ಷಿ ನಮ್ಮ ನಾಡಿಗೂ ಬಂದಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಆಗಸ್ಟಸನ ಮತ್ತು ಅವನ ಮುಂದಿನವನಾದ ಟೈಬೀರಿಯಸನ ಬೆಳ್ಳಿಯ ನಾಣ್ಯಗಳು ದೊರೆತಿವೆ. ‘ದೆನಾರಿಯಸ್’ ಎಂಬ ಆ ನಾಣ್ಯದ ಹೆಸರೇ ಸಂಸ್ಕೃತದಲ್ಲಿ ದೀನಾರವಾಗಿ ಅಮರಕೋಶವನ್ನೂ ಸೇರಿತು. ಗಣರಾಜ್ಯದ ಕಾಲದಲ್ಲಿ ರೋಮಿನ ಟಂಕಸಾಲೆಯು ಬದುಕಿರುವ ಮನುಷ್ಯನ ಮುಖವನ್ನು ನಾಣ್ಯದಲ್ಲಿ ಮುದ್ರಿಸುತ್ತಿರಲಿಲ್ಲ. ಆ ಕಟ್ಟಳೆಯನ್ನು ಮೊದಲು ಮುರಿದವನು ಸೀಜರನು. ಮನೆಯ ಗೋಡೆಯ ಪಂಚಾಂಗವೂ ಇದನ್ನೇ ಹೇಳುತ್ತದೆ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ಹೆಸರುಗಳು ನಮ್ಮ ಸಪ್ತ, ಅಷ್ಟ, ನವ, ದಶಗಳೇ. ಆ ಕಾಲದಲ್ಲಿ ಮಾರ್ಚಿಯೇ ಮೊದಲ ತಿಂಗಳು. ಐದನೆಯ ಮತ್ತು ಆರನೆಯ ತಿಂಗಳುಗಳೂ ಹಾಗೆಯೇ ಬರಿಯ ಎಣಿಕೆಯ ಹೆಸರುಗಳನ್ನು ಹೊತ್ತಿದ್ದವು. ಈಗ ಅವು ಜುಲೈ, ಆಗಸ್ಟ್: ಜೂಲಿಯಸ್ ಸೀಜರನ ತಿಂಗಳು, ಆಗಸ್ಟಸನ ತಿಂಗಳು.

ಶಾಂತಿಪರ್ವದಲ್ಲಿ ಧರ್ಮರಾಯನು ಗಣರಾಜ್ಯಗಳ ವಿಷಯವನ್ನು ಕೇಳಿದಾಗ, ಭೀಷ್ಮನು ಅವುಗಳಿಗೆ ಹೊರಗಿನ ಭಯಕ್ಕಿಂತ ಒಳಗಿನ ಭೇದವೇ ದೊಡ್ಡದೆಂದೂ, ಆ ಭೇದಕ್ಕೆ ಲೋಭವೂ ಅಸಹನೆಯೂ ಬೀಜವೆಂದೂ ತಿಳಿಸುತ್ತಾನೆ. ಹನ್ನಿಬಾಲನು ಕೆಡವಲಾರದ ರೋಮ್ ಹೀಗೆಯೇ ಕೆಟ್ಟಿತು. ಹಸಿದವನ ಹೊಲದ ಪ್ರಶ್ನೆಯನ್ನು ಮಾತಿನಿಂದ ತೀರಿಸಲು ಮನಸ್ಸಾಗದೆ ಬೆಂಚಿನ ಕಾಲನ್ನು ಮುರಿದ ಆ ಒಂದು ದಿನದಿಂದ ಗಣನೆ ಮಾಡಿದರೆ, ನೂರಾಆರು ವರ್ಷಗಳಲ್ಲಿ ಎಲ್ಲವೂ ಮುಗಿಯಿತು. ಮುಗಿದುದು ಆಗ ಬಹುಜನರಿಗೆ ತಿಳಿಯಲೇ ಇಲ್ಲ.

ನೋಡಹೋಗುವವರಿಗೆ ಎರಡು ಮಾತು. ಫೋರಂಗೂ ಪ್ಯಾಲಟೈನ್ ಗುಡ್ಡಕ್ಕೂ ಕಲೋಸಿಯಂಗೂ ಸೇರಿ ಒಂದೇ ಟಿಕೇಟು ದೊರೆಯುತ್ತದೆ. ಬೇಸಗೆಯಲ್ಲಿ ಹೋದರೆ ಬೆಳಗ್ಗೆಯೇ ಹೋಗಬೇಕು. ನೆರಳು ಕಡಮೆ, ಕಲ್ಲುಹಾಸು ಏರುತಗ್ಗು. ಊರಿನಲ್ಲೆಲ್ಲ ಕುಡಿಯುವ ನೀರಿನ ಸಣ್ಣ ಕಬ್ಬಿಣದ ನಲ್ಲಿಗಂಬಗಳಿವೆ. ನೀರು ಹಗಲಿರುಳೂ ಹರಿಯುತ್ತದೆ, ಕಾಸಿಲ್ಲ. ಆ ಕಂಬಗಳ ಮೇಲೂ ಬೀದಿಯ ಚರಂಡಿಯ ಮುಚ್ಚಳಗಳ ಮೇಲೂ ‘ಎಸ್. ಪಿ. ಕ್ಯೂ. ಆರ್.’ ಎಂಬ ನಾಲ್ಕು ಅಕ್ಷರಗಳನ್ನು ಕಾಣಬಹುದು. ‘ಸೆನೆಟ್ಟು ಮತ್ತು ರೋಮಿನ ಜನತೆ’ ಎಂಬ ಹಳೆಯ ಗಣರಾಜ್ಯದ ಮುದ್ರೆ ಅದು. ಚಕ್ರವರ್ತಿಗಳು ತಮ್ಮ ತೋರಣಗಳ ಮೇಲೆಯೂ ಅದನ್ನು ಕೆತ್ತಿಸಿಕೊಂಡರು. ಅಲ್ಲಿ ಅದು ಬರಿಯ ಅಲಂಕಾರ. ನೀರಿನ ನಲ್ಲಿಯ ಮೇಲೆ, ಚರಂಡಿಯ ಮುಚ್ಚಳದ ಮೇಲೆ ಅದಕ್ಕೆ ಇಂದಿಗೂ ಅರ್ಥವಿದೆ.